ಸೈಕಲ್, ತಮಟೆ ಮತ್ತು ನೃತ್ಯ: ಕೋಲಾರದಲ್ಲಿ ಇಪ್ಪತ್ತು ನಿಮಿಷದ ಪ್ರಯೋಗವೊಂದನ್ನು ಕಟ್ಟುವ ಬಗೆ

ಕೋಲಾರ ಸೀಮೆಯ ಹಳ್ಳಿಗಳಲ್ಲಿ ನಡುವಯಸ್ಸು ದಾಟಿದವರಿಗೆ ಸೈಕಲ್ ಸರ್ಕಸ್ ಎಂದರೇನೆಂದು ವಿವರಿಸಬೇಕಾಗಿಲ್ಲ. ಊರ ಮುಂದಿನ ಬಯಲಿನಲ್ಲಿ ಗಳು ನೆಟ್ಟು, ಸುತ್ತಲೂ ಹಗ್ಗ ಕಟ್ಟಿ, ಒಬ್ಬನು ದಿನಗಟ್ಟಲೆ ಕಾಲು ನೆಲಕ್ಕಿಡದೆ ಸೈಕಲ್ ಸುತ್ತುತ್ತಿದ್ದ; ಅವನ ಸ್ನಾನ, ಊಟ ಎಲ್ಲವೂ ಸೀಟಿನ ಮೇಲೆಯೇ ನಡೆಯುತ್ತಿದ್ದವು. ಸಂಜೆಯಾದರೆ ಲೌಡ್‌ಸ್ಪೀಕರಿನಲ್ಲಿ ಹಾಡು ಹಾಕಿ ಜೊತೆಯ ಹುಡುಗರು ಕುಣಿಯುತ್ತಿದ್ದರು. ಸೈಕಲ್, ಹಾಡು, ಕುಣಿತ ಮೂರೂ ಒಂದೇ ಹಗ್ಗದೊಳಗೆ ಇದ್ದರೂ ಒಂದಕ್ಕೊಂದು ಕೂಡಿರಲಿಲ್ಲ: ಹಾಡು ಮುಗಿದ ಮೇಲೆ ಸಾಹಸ, ಸಾಹಸ ಮುಗಿದ ಮೇಲೆ ಕುಣಿತ. ಈ ಮೂರನ್ನೂ ಒಂದೇ ಉಸಿರಿನಲ್ಲಿ ನಡೆಯುವಂತೆ ಹೊಸೆಯುವುದು ಹೇಗೆ ಎಂಬುದು ಈ ಲೇಖನದ ವಿಷಯ. ನಾಲ್ವರು ಸವಾರರು, ಮೂವರು ನೃತ್ಯಗಾರರು ಮತ್ತು ಐವರು ವಾದ್ಯಗಾರರು ಇರುವ, ಇಪ್ಪತ್ತು ನಿಮಿಷಗಳ ಪ್ರಯೋಗವೊಂದನ್ನು ಹತ್ತು ವಾರಗಳಲ್ಲಿ ಸಿದ್ಧಪಡಿಸುವ ಲೆಕ್ಕದಲ್ಲಿ ಇದನ್ನು ಬರೆದಿದ್ದೇನೆ. ತಂಡ ಚಿಕ್ಕದಾದರೆ ಅವಧಿಯನ್ನು ಕಡಿಮೆ ಮಾಡಿಕೊಳ್ಳಬೇಕೇ ಹೊರತು ತಾಲೀಮಿನ ವಾರಗಳನ್ನಲ್ಲ.

ಕಾಲ ಯಾರ ಕೈಯಲ್ಲಿ ಇರಬೇಕು

ಮೊದಲ ಸಭೆಯಲ್ಲಿಯೇ ತೀರ್ಮಾನವಾಗಬೇಕಾದ ಸಂಗತಿ ಒಂದಿದೆ. ಧ್ವನಿಮುದ್ರಿತ ಸಂಗೀತ ಯಾರಿಗಾಗಿಯೂ ಕಾಯುವುದಿಲ್ಲ. ಮುಂಚಕ್ರದ ಮೇಲೆ ನಿಂತು ಸಮತೋಲ ಹುಡುಕುತ್ತಿರುವ ಸವಾರನಿಗೆ ಅದು ಒಂದು ದಿನ ನಾಲ್ಕು ಸೆಕೆಂಡಿಗೆ ಸಿಕ್ಕಿದರೆ ಇನ್ನೊಂದು ದಿನ ಆರು ಸೆಕೆಂಡು ಹಿಡಿಯುತ್ತದೆ. ಹಾಡಿನ ಪೆಟ್ಟಿಗೆ ಮುಂದೆ ಓಡಿಹೋದರೆ ಅವನು ಅವಸರಪಡುತ್ತಾನೆ, ಅವಸರಪಟ್ಟವನು ಬೀಳುತ್ತಾನೆ. ವಾದ್ಯಗಾರನು ಎದುರಿಗಿದ್ದರೆ ಇನ್ನೊಂದು ಆವರ್ತ, ಅಂದರೆ ತಾಳದ ಇನ್ನೊಂದು ಪೂರ್ತಿ ಸುತ್ತು, ಅದೇ ನಡೆಯನ್ನು ನುಡಿಸಿ, ಸವಾರನ ತಲೆ ಎತ್ತುವುದನ್ನು ನೋಡಿ ಮುಕ್ತಾಯಕ್ಕೆ ಬರಬಲ್ಲ. ಆದ್ದರಿಂದ ನಮ್ಮ ತಾಲೀಮುಗಳಲ್ಲಿ ಎಲ್ಲರೂ ಬಾಯಿಪಾಠ ಮಾಡಿಕೊಂಡ ನಿಯಮವೆಂದರೆ, ಚಕ್ರ ಕಾಯುವುದಿಲ್ಲ, ಕೈ ಕಾಯುತ್ತದೆ. ಸಂಗೀತ ಸಂಯೋಜನೆ, ನೃತ್ಯ, ಬೆಳಕು, ಸುರಕ್ಷತೆ ಎಲ್ಲವೂ ಈ ಒಂದು ನಿಯಮದಿಂದ ಹೊರಡುತ್ತವೆ. ಇದಕ್ಕೆ ಒಪ್ಪದ ವಾದ್ಯಗಾರ ಎಷ್ಟೇ ದೊಡ್ಡ ಕಲಾವಿದನಾದರೂ ಈ ಕೆಲಸಕ್ಕೆ ಒಗ್ಗುವುದಿಲ್ಲ.

ತಂಡವನ್ನು ಕೂಡಿಸುವುದು

ಸವಾರರಲ್ಲಿ ಇಬ್ಬರಾದರೂ ಸಮತಟ್ಟು ನೆಲದ ಬಿಎಂಎಕ್ಸ್, ಅಂದರೆ ಚಿಕ್ಕ ಚಕ್ರದ ಗಟ್ಟಿ ಸೈಕಲ್ಲಿನ ಸಾಹಸ, ಬಲ್ಲವರಾಗಿರಬೇಕು. ಬಿಎಂಎಕ್ಸ್‌ನ ಫ್ರೀಸ್ಟೈಲ್ ಪಾರ್ಕ್ ಪ್ರಕಾರ, ಅಂದರೆ ಇಳಿಜಾರು ಹಲಗೆಗಳಿಂದ ಗಾಳಿಗೆ ಹಾರುವ ಬಗೆ, 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಮೊದಲ ಬಾರಿಗೆ ಸೇರಿತು. ನೃತ್ಯಕ್ಕೆ ನಿಜವಾಗಿ ಹತ್ತಿರವಾದದ್ದು ಅದಲ್ಲ, ಫ್ಲ್ಯಾಟ್‌ಲ್ಯಾಂಡ್. ಅದರಲ್ಲಿ ಸವಾರನು ಚಕ್ರದ ಅಚ್ಚಿಗೆ ಜೋಡಿಸಿದ ಪೆಗ್ಗುಗಳೆಂಬ ಗಿಡ್ಡ ಗೂಟಗಳ ಮೇಲೆ ಪಾದವಿಟ್ಟು, ಒಂದು ಚಕ್ರದಲ್ಲಿ ಉರುಳುತ್ತ, ಹ್ಯಾಂಡಲ್ಲಿನ ಸುತ್ತ ತನ್ನ ಮೈಯನ್ನೇ ತಿರುಗಿಸುತ್ತಾನೆ. ಉಳಿದ ಇಬ್ಬರು ಸಾಮಾನ್ಯ ದೊಡ್ಡ ಸೈಕಲ್ಲಿನಲ್ಲಿ ನಿಧಾನವಾಗಿ, ನೆಟ್ಟಗೆ, ಅಲುಗದೆ ಹೋಗಬಲ್ಲವರಾದರೆ ಸಾಕು. ನಿಧಾನವಾಗಿ ಓಡಿಸುವುದು ವೇಗವಾಗಿ ಓಡಿಸುವುದಕ್ಕಿಂತ ಕಷ್ಟದ ವಿದ್ಯೆ ಎಂಬುದನ್ನು ಮೊದಲ ವಾರವೇ ಎಲ್ಲರೂ ಒಪ್ಪಿಕೊಳ್ಳುತ್ತಾರೆ.

ವಾದ್ಯಕ್ಕೆ ನಾನು ಸೂಚಿಸುವುದು ತಮಟೆ. ತಮಟೆಯವರು ಕೂತು ನುಡಿಸುವವರಲ್ಲ. ಕೊರಳಿಗೆ ಅಥವಾ ಹೆಗಲಿಗೆ ವಾದ್ಯವನ್ನು ತಗುಲಿಸಿಕೊಂಡು, ಒಂದು ದಪ್ಪ ಕಡ್ಡಿ ಮತ್ತು ಒಂದು ತೆಳು ಕಡ್ಡಿಯಿಂದ ಬಾರಿಸುತ್ತ, ಬಾಗಿ ಏಳುತ್ತ, ಹೆಜ್ಜೆ ಹಾಕುತ್ತ ನುಡಿಸುವವರು. ವಾದ್ಯಗಾರನೇ ನರ್ತಕನೂ ಆಗಿರುವಾಗ ಮೂರು ಕಲೆಗಳನ್ನು ಹೊಲಿಯುವ ಕೆಲಸ ಅರ್ಧ ಮುಗಿದ ಹಾಗೆಯೇ. ಈ ವಿದ್ಯೆ ನಮ್ಮ ನೆಲದಲ್ಲಿ ಎಷ್ಟು ಆಳವಾಗಿದೆ ಎಂದರೆ, 2007ರವರೆಗೆ ಕೋಲಾರ ಜಿಲ್ಲೆಯ ಭಾಗವಾಗಿದ್ದ ಇಂದಿನ ಚಿಕ್ಕಬಳ್ಳಾಪುರ ಜಿಲ್ಲೆಯ ಪಿಂಡಿಪಾಪನಹಳ್ಳಿಯ ಮುನಿವೆಂಕಟಪ್ಪನವರಿಗೆ ತಮಟೆ ವಾದನಕ್ಕಾಗಿಯೇ 2023ರಲ್ಲಿ ಪದ್ಮಶ್ರೀ ಬಂದಿತು. ಮೂರು ತಮಟೆ, ಒಂದು ಡೋಲು, ಹಾಡುವುದಕ್ಕೆ ಒಬ್ಬರು ಎಂಬ ಐವರ ಮೇಳ ಇಪ್ಪತ್ತು ನಿಮಿಷಕ್ಕೆ ತುಂಬಿಕೊಳ್ಳುತ್ತದೆ. ಹಾಡುವವರು ತತ್ವಪದ ಬಲ್ಲವರಾದರೆ ನಿಧಾನ ಗತಿಯ ನಡುಭಾಗಕ್ಕೆ ಬೇರೆ ಏನನ್ನೂ ಹುಡುಕಬೇಕಿಲ್ಲ. ಸಂತಕವಿ ಕೈವಾರದ ತಾತಯ್ಯನವರ ತೆಲುಗು ಮತ್ತು ಕನ್ನಡ ಪದಗಳನ್ನು ಕೇಳಿ ಬೆಳೆದ ಈ ಸೀಮೆಯಲ್ಲಿ ಎರಡು ಭಾಷೆಯ ಸಾಲುಗಳು ಪಕ್ಕಪಕ್ಕದಲ್ಲಿ ಬಂದರೂ ಪ್ರೇಕ್ಷಕರಿಗೆ ಪರಕೀಯವೆನ್ನಿಸುವುದಿಲ್ಲ.

ಇಲ್ಲೊಂದು ಮಾತನ್ನು ಸ್ಪಷ್ಟವಾಗಿ ಹೇಳಬೇಕು. ತಮಟೆಯನ್ನು ತಲೆಮಾರುಗಳ ಕಾಲ ದಲಿತ ಸಮುದಾಯದ ಮೇಲೆ ಬಿಟ್ಟಿ ಚಾಕರಿಯಾಗಿ ಹೇರಲಾಗಿತ್ತು. ಆ ಕಾರಣಕ್ಕೆ ಅದನ್ನು ಮುಟ್ಟಲಾರೆನೆನ್ನುವ ಯುವಕರೂ ಇದ್ದಾರೆ, ಅದನ್ನೇ ತಮ್ಮ ಘನತೆಯ ದನಿಯಾಗಿ ಎತ್ತಿ ಹಿಡಿದವರೂ ಇದ್ದಾರೆ. ಮೇಳದವರನ್ನು ಅತಿಥಿಗಳ ಸ್ವಾಗತಕ್ಕೆ ಮೆರವಣಿಗೆಯಲ್ಲಿ ಬಾರಿಸಲು ಕಳುಹಿಸಿ, ಆಮೇಲೆ ವೇದಿಕೆಯ ಮೂಲೆಗೆ ನಿಲ್ಲಿಸುವುದು ಆಗಕೂಡದು. ಅವರು ಸಂಯೋಜಕರು. ಕರಪತ್ರದಲ್ಲಿ ಅವರ ಹೆಸರು ಸವಾರರ ಹೆಸರಿನ ಸಾಲಿನಲ್ಲಿಯೇ ಬರಬೇಕು, ಸಂಭಾವನೆ ಸಮನಾಗಿರಬೇಕು, ತಾಲೀಮಿನ ದಿನಗಳ ಕೂಲಿಯೂ ಲೆಕ್ಕಕ್ಕೆ ಸೇರಬೇಕು.

ನೆಲವನ್ನು ಹುಡುಕುವುದು

ಯೂರೋಪಿನಲ್ಲಿ, ಅದರಲ್ಲೂ ಜರ್ಮನಿಯಲ್ಲಿ, ಕಲಾತ್ಮಕ ಸೈಕ್ಲಿಂಗ್ ಎಂಬ ಒಳಾಂಗಣ ಸ್ಪರ್ಧೆ ಬಹುಕಾಲದಿಂದ ಬೆಳೆದು ಬಂದಿದೆ. ಅದರ ಅಂಕಣದ ಅಳತೆ 14 ಮೀಟರ್ ಉದ್ದ, 11 ಮೀಟರ್ ಅಗಲ. ಒಂದು ಪ್ರದರ್ಶನದ ಅವಧಿ ಐದು ನಿಮಿಷ. ಇದಕ್ಕೆ ಸರಿಹೊಂದುವ ಜಾಗ ನಮ್ಮಲ್ಲಿ ಸುಲಭವಾಗಿ ಸಿಗುತ್ತದೆ. ಪೂರ್ಣ ಅಳತೆಯ ಬ್ಯಾಸ್ಕೆಟ್‌ಬಾಲ್ ಅಂಕಣ 28 ಮೀಟರ್ ಉದ್ದ, 15 ಮೀಟರ್ ಅಗಲ ಇರುವುದರಿಂದ ಅದರ ಅರ್ಧವೇ ಸಾಕು, ಇನ್ನರ್ಧ ಪ್ರೇಕ್ಷಕರಿಗೆ. ಕಾಲೇಜು ಮೈದಾನದ ಸಿಮೆಂಟ್ ಅಂಕಣ ಈ ಪ್ರಯೋಗಕ್ಕೆ ಅತ್ಯುತ್ತಮ ಎಂಬುದು ನನ್ನ ಅಭಿಪ್ರಾಯ. ಕೋಲಾರದ ಟಿ. ಚನ್ನಯ್ಯ ರಂಗಮಂದಿರದಂಥ ಚೌಕಟ್ಟಿನ ವೇದಿಕೆಯಲ್ಲಿ ಆಡಬೇಕೆಂದಿದ್ದರೆ ಮೊದಲು ಟೇಪು ಹಿಡಿದು ವೇದಿಕೆಯ ಆಳವನ್ನು ಅಳೆದು, ವೃತ್ತಗಳನ್ನು ಅದಕ್ಕೆ ತಕ್ಕಂತೆ ಕುಗ್ಗಿಸಿ, ವೇಗದ ಭಾಗಗಳನ್ನು ಕೈಬಿಟ್ಟು, ಸಮತೋಲದ ಭಾಗಗಳನ್ನಷ್ಟೇ ಇಟ್ಟುಕೊಳ್ಳಬೇಕು. ತೇರಹಳ್ಳಿ ಬೆಟ್ಟದ ಮೇಲಿನ ಆದಿಮ ಸಾಂಸ್ಕೃತಿಕ ಕೇಂದ್ರದ ಹುಣ್ಣಿಮೆ ಹಾಡಿನ ರಾತ್ರಿಗಳನ್ನು ಕಂಡವರಿಗೆ ಬಯಲಿನಲ್ಲಿ ಪ್ರೇಕ್ಷಕರು ಸುತ್ತ ಕೂತಾಗ ಹುಟ್ಟುವ ಆಪ್ತತೆ ಗೊತ್ತಿರುತ್ತದೆ. ಸೈಕಲ್ಲಿಗೂ ಅಂಥ ಸುತ್ತಿನ ಕೂಟವೇ ಒಪ್ಪುತ್ತದೆ, ಏಕೆಂದರೆ ಚಕ್ರಕ್ಕೆ ಮುಂದು ಹಿಂದು ಎಂಬ ದಿಕ್ಕಿಲ್ಲ.

ಮದುವೆ ಪೆಂಡಾಲಿನವರು ಕಬ್ಬಿಣದ ಚೌಕಟ್ಟಿನ ಮೇಲೆ ಹಲಗೆ ಹಾಸಿ ಕಟ್ಟುವ ವೇದಿಕೆಯನ್ನು ಸಾಧ್ಯವಾದಷ್ಟೂ ತಪ್ಪಿಸಿ. ಹಲಗೆಗಳ ಸಂದಿಗೆ ಚಕ್ರ ಸಿಕ್ಕಿಕೊಳ್ಳುತ್ತದೆ. ಸವಾರ ಮತ್ತು ಸೈಕಲ್ ಕೂಡಿ 75 ಕಿಲೋ ತೂಗಿದರೂ ಜಿಗಿದು ಇಳಿಯುವ ಗಳಿಗೆಯಲ್ಲಿ ಹಲಗೆಯ ಮೇಲೆ ಬೀಳುವ ಭಾರ ಅದರ ಎರಡು ಮೂರು ಪಟ್ಟಾಗುತ್ತದೆ. ಬೇರೆ ದಾರಿಯೇ ಇಲ್ಲವಾದರೆ ಸಂದಿಗಳಿಗೆ ಅಡ್ಡವಾಗಿ 18 ಮಿಲಿಮೀಟರ್ ದಪ್ಪದ ಪ್ಲೈವುಡ್ ಹಾಸಿ, ಸ್ಕ್ರೂಗಳ ತಲೆ ಒಳಗೆ ಮುಳುಗುವಂತೆ ಬಿಗಿಸಿ, ಅದರ ಮೇಲೆ ತಂಡದ ಅತಿ ಭಾರದ ಸವಾರನಿಂದ ಹತ್ತು ಬಾರಿ ಜಿಗಿಸಿ ನೋಡಿ. ಪ್ಲಾಸ್ಟಿಕ್ ಕಾರ್ಪೆಟ್ ಹಾಸುತ್ತೇವೆ ಎಂದು ಸಂಘಟಕರು ಪ್ರೀತಿಯಿಂದಲೇ ಹೇಳುತ್ತಾರೆ. ಬೇಡವೆಂದು ಅಷ್ಟೇ ಪ್ರೀತಿಯಿಂದ ಹೇಳಬೇಕು, ಅದು ಚಕ್ರದ ಕೆಳಗೆ ಸುರುಳಿಯಾಗಿ ಏಳುತ್ತದೆ.

ನೆಲವನ್ನು ಪರೀಕ್ಷಿಸುವ ಸುಲಭ ದಾರಿ ಎಂದರೆ ಬೆಳಿಗ್ಗೆ ನಾಲ್ಕಾರು ಬಿಂದಿಗೆ ನೀರು ಸುರಿದು ಎಲ್ಲಿ ನಿಲ್ಲುತ್ತದೆಂದು ಗುರುತಿಸುವುದು. ನೀರು ನಿಂತ ಕಡೆ ತಗ್ಗಿದೆ, ಅಲ್ಲಿ ಒಂಟಿ ಚಕ್ರದ ಸಾಹಸ ಇಡಬೇಡಿ. ಒಣಗಿದ ಮೇಲೆ ಎರಡು ಬಾರಿ ಗುಡಿಸಿ. ಸಿಮೆಂಟಿನ ಮೇಲೆ ಚೆಲ್ಲಿದ ಮರಳಿನ ಕಾಳು ಚಕ್ರಕ್ಕೆ ಗುಂಡು ಹಾಸಿದಂತೆ. ಇನ್ನು ಕೆಜಿಎಫ್‌ನ ಸಯನೈಡ್ ದಿಬ್ಬಗಳ ಹಿನ್ನೆಲೆಯಲ್ಲಿ ತಾಲೀಮು ಮಾಡಿ ವಿಡಿಯೋ ತೆಗೆಯುವ ಆಸೆ ಹುಡುಗರಿಗೆ ಬಂದೇ ಬರುತ್ತದೆ. 2001ರಲ್ಲಿ ಗಣಿ ಮುಚ್ಚಿದ ಮೇಲೂ ಉಳಿದಿರುವ ಆ ದಿಬ್ಬಗಳು ಚಿನ್ನದ ಅದಿರನ್ನು ಅರೆದು ಮಿಕ್ಕ ನುಣುಪು ಪುಡಿಯ ರಾಶಿ. ಆ ಧೂಳನ್ನು ಏದುಸಿರಿನಲ್ಲಿ ಒಳಕ್ಕೆ ಎಳೆದುಕೊಳ್ಳುವುದು ಯಾವ ವಿಡಿಯೋಗೂ ತೆರಬೇಕಾದ ಬೆಲೆಯಲ್ಲ.

ಸೈಕಲ್ಲುಗಳನ್ನು ಸಿದ್ಧಗೊಳಿಸುವುದು

ಸಾಹಸದ ಎರಡು ಸೈಕಲ್ಲುಗಳು 20 ಇಂಚಿನ ಚಕ್ರದವಾಗಿರಲಿ. ಹ್ಯಾಂಡಲ್ ಸುತ್ತಿದಾಗ ಬ್ರೇಕಿನ ತಂತಿ ಸುರುಳಿ ಬೀಳದಂತೆ ಜೈರೊ ಎಂಬ ಬಿಡಿಭಾಗವನ್ನು ಹಾಕಿಸಬೇಕು. ಹಿಂದಕ್ಕೆ ಉರುಳುವಾಗ ಪೆಡಲು ತಿರುಗದಂತೆ ತಡೆಯುವ ಫ್ರೀಕೋಸ್ಟರ್ ಹಬ್ ಇದ್ದರೆ ನೃತ್ಯಕ್ಕೆ ಬಹಳ ಅನುಕೂಲ, ಆದರೆ ಮೊದಲ ಪ್ರಯೋಗಕ್ಕೆ ಅದಿಲ್ಲದೆಯೂ ನಡೆಯುತ್ತದೆ. ಟೈರಿನ ಗಾಳಿಯನ್ನು ಅದರ ಪಕ್ಕೆಯ ಮೇಲೆ ಅಚ್ಚಾಗಿರುವ ಗರಿಷ್ಠ ಮಿತಿಯ ಹತ್ತಿರಕ್ಕೆ ತುಂಬಿಸಿದರೆ ನುಣುಪು ಸಿಮೆಂಟಿನ ಮೇಲೆ ಚಕ್ರ ಹಗುರವಾಗಿ ಉರುಳುತ್ತದೆ. ದೊಡ್ಡ ಸೈಕಲ್ಲುಗಳಿಂದ ಸ್ಟ್ಯಾಂಡು ಮತ್ತು ಬುಟ್ಟಿಯನ್ನು ಬಿಚ್ಚಿಡಿ. ಕ್ಯಾರಿಯರ್ ಇರಲಿ, ಅದರ ಮೇಲೆ ನೃತ್ಯಗಾರ್ತಿ ನಿಲ್ಲುವ ಭಾಗವಿದ್ದರೆ ಅದರ ಕೊಂಡಿಗಳಿಗೆ ವೆಲ್ಡಿಂಗ್ ಮಾಡಿಸಿ ಗಟ್ಟಿಗೊಳಿಸಿ. ಹ್ಯಾಂಡಲ್ಲಿನ ತುದಿಗಳಲ್ಲಿ ಗ್ರಿಪ್ ಹರಿದಿದ್ದರೆ ಅಂದೇ ಬದಲಿಸಬೇಕು, ತೆರೆದ ಕೊಳವೆಯ ಅಂಚು ಬಿದ್ದವನ ಹೊಟ್ಟೆಗೆ ಚಾಕುವಿನಂತೆ ತಗಲುತ್ತದೆ. ನಿಮ್ಮ ಬೀದಿಯ ಪಂಕ್ಚರ್ ಅಂಗಡಿಯವರನ್ನು ತಂಡದ ಸದಸ್ಯರೆಂದೇ ಎಣಿಸಿ, ವಾರಕ್ಕೊಮ್ಮೆ ಚಕ್ರದ ಕಡ್ಡಿಗಳ ಬಿಗಿತವನ್ನು ನೋಡಿಸಿ. ಕಡ್ಡಿಗಳನ್ನು ಬೆರಳಿನಿಂದ ಮೀಟಿದಾಗ ಒಂದು ಮಾತ್ರ ಮಂದವಾಗಿ ನುಡಿದರೆ ಅದು ಸಡಿಲವಾಗಿದೆ ಎಂದರ್ಥ. ಈ ಪರೀಕ್ಷೆಯಲ್ಲಿ ನಮ್ಮ ವಾದ್ಯಗಾರರ ಕಿವಿ ಸವಾರರ ಕಣ್ಣಿಗಿಂತ ಚುರುಕೆಂದು ಕಂಡುಬಂದಿದೆ.

ವೃತ್ತಕ್ಕೂ ತಾಳಕ್ಕೂ ಗಂಟು ಹಾಕುವುದು

ಇಡೀ ಪ್ರಯೋಗದ ಜೀವ ಇರುವುದು ಇಲ್ಲಿ, ಆದ್ದರಿಂದ ಸ್ವಲ್ಪ ಲೆಕ್ಕವನ್ನು ಸಹನೆಯಿಂದ ಮಾಡಬೇಕು. ಅಂಕಣದ ನಡುವಿನಲ್ಲಿ ಸುಣ್ಣದ ಕಡ್ಡಿಯಿಂದ ಒಂದು ಚುಕ್ಕೆ ಇಟ್ಟು, ದಾರ ಹಿಡಿದು ಎರಡು ವೃತ್ತ ಎಳೆಯಿರಿ: ಹೊರಗಿನದು ಚುಕ್ಕೆಯಿಂದ 4 ಮೀಟರ್, ಒಳಗಿನದು 2 ಮೀಟರ್. ಹೊರವೃತ್ತದ ಸುತ್ತಳತೆ ಸುಮಾರು 25 ಮೀಟರ್. ನಿಮಿಷಕ್ಕೆ 96 ಏಟುಗಳ ಮಧ್ಯಮ ನಡೆಯಲ್ಲಿ ತಮಟೆ ನುಡಿದರೆ ಹತ್ತು ಸೆಕೆಂಡಿಗೆ 16 ಏಟುಗಳು, ಅಂದರೆ ಎಂಟು ಏಟಿನ ಆದಿತಾಳದ ಎರಡು ಆವರ್ತ. ಸವಾರನು ಗಂಟೆಗೆ ಸುಮಾರು 9 ಕಿಲೋಮೀಟರ್ ವೇಗದಲ್ಲಿ ಹೋದರೆ ಅದೇ ಹತ್ತು ಸೆಕೆಂಡಿಗೆ ಹೊರವೃತ್ತವನ್ನು ಒಂದು ಬಾರಿ ಸುತ್ತುತ್ತಾನೆ. ಅದೇ ವೇಗದಲ್ಲಿ ಒಳವೃತ್ತದ ಸವಾರ ಎರಡು ಬಾರಿ ಸುತ್ತುತ್ತಾನೆ. ಹೀಗಾಗಿ ಒಂದು ಸುತ್ತಿಗೆ ಒಳಗಿನವನಿಗೆ ಒಂದು ಆವರ್ತ, ಹೊರಗಿನವನಿಗೆ ಎರಡು, ಇಬ್ಬರೂ ಸಮದ ಏಟಿಗೆ, ಅಂದರೆ ಆವರ್ತದ ಮೊದಲ ಏಟಿಗೆ, ಹೊರಟ ಗೆರೆಯಲ್ಲಿ ಅಕ್ಕಪಕ್ಕ ಬಂದು ಸೇರುತ್ತಾರೆ. ಇದನ್ನು ಮೊದಲ ಬಾರಿ ಸರಿಯಾಗಿ ಕೂಡಿಸಿದ ಸಂಜೆ ಯಾರೂ ಹೇಳದೆಯೇ ತಮಟೆಯವರು ಮುಕ್ತಾಯದ ವರಸೆಯನ್ನು ನುಡಿಸಿಬಿಟ್ಟರು. ಅದನ್ನು ನಾವು ಹಾಗೆಯೇ ಪ್ರಯೋಗದಲ್ಲಿ ಉಳಿಸಿಕೊಂಡೆವು.

ಇನ್ನೊಂದು ಚೆಂದದ ಹೊಂದಿಕೆಯಿದೆ. 20 ಇಂಚಿನ ಚಕ್ರದ ಸುತ್ತಳತೆ ಒಂದೂವರೆ ಮೀಟರಿಗಿಂತ ಕೊಂಚ ಹೆಚ್ಚು. ಆದ್ದರಿಂದ ಮೇಲಿನ ನಡೆಯಲ್ಲಿ ಒಂದು ಏಟಿಗೆ ಚಕ್ರ ಹತ್ತಿರ ಹತ್ತಿರ ಒಂದು ಸುತ್ತು ಉರುಳುತ್ತದೆ. ಚಕ್ರದ ಕಡ್ಡಿಗೆ, ರಿಮ್ಮಿನ ಬಳಿ, ಹಳದಿ ಬಟ್ಟೆಯ ಪಟ್ಟಿಯೊಂದನ್ನು ಬಿಗಿಯಾಗಿ ಸುತ್ತಿದರೆ ಅದು ಪ್ರತಿ ಏಟಿಗೂ ಕೆಳಗೆ ಬಂದು ಮೇಲೇಳುವುದು ದೂರದಿಂದಲೇ ಕಾಣುತ್ತದೆ. ತಾಳ ತಪ್ಪಿದ್ದನ್ನು ಕಿವಿಗಿಂತ ಮೊದಲು ಕಣ್ಣು ಹಿಡಿಯುತ್ತದೆ. ಪಟ್ಟಿಯ ತುದಿ ಇಳಿಬೀಳದಂತೆ ಹೊಲಿದಿರಬೇಕು, ಇಲ್ಲವಾದರೆ ಸರಪಳಿಗೆ ಸಿಕ್ಕಿಕೊಳ್ಳುತ್ತದೆ.

ಆದಿತಾಳ ಕೈಗೂಡಿದ ಮೇಲೆ ಏಳು ಏಟಿನ ಮಿಶ್ರಛಾಪಿಗೆ ಹೋಗಬಹುದು. ಸವಾರ 16 ಏಟಿಗೆ ಒಂದು ಸುತ್ತು ಹೋಗುತ್ತಲೇ ಇರಲಿ, ಮೇಳ ಏಳರ ಆವರ್ತ ನುಡಿಸಲಿ. ಇಬ್ಬರ ಸಮವೂ ಬೇರೆ ಬೇರೆ ಜಾಗದಲ್ಲಿ ಬೀಳುತ್ತ ಹೋಗಿ, 112ನೆಯ ಏಟು ಮುಗಿದಾಗ, ಎಂದರೆ ಸರಿಯಾಗಿ 70 ಸೆಕೆಂಡಿಗೆ, ಮತ್ತೆ ಒಂದೇ ಗೆರೆಯಲ್ಲಿ ಕೂಡುತ್ತದೆ. ಆ 70 ಸೆಕೆಂಡುಗಳ ಕಾಲ ಪ್ರೇಕ್ಷಕರಿಗೆ ಏನೋ ಜಾರಿಹೋಗುತ್ತಿದೆ ಎಂಬ ಕಳವಳ ಇರುತ್ತದೆ, ಕೂಡಿದಾಗ ಕಾರಣ ತಿಳಿಯದೆಯೇ ಚಪ್ಪಾಳೆ ಬೀಳುತ್ತದೆ. ಒಂದು ಪ್ರಯೋಗದಲ್ಲಿ ಇದನ್ನು ಒಂದೇ ಬಾರಿ ಬಳಸಿ.

ವೇಗವನ್ನು ಏರಿಸುವ ಮುನ್ನ ವಾಲಿಕೆಯ ಲೆಕ್ಕವೂ ತಿಳಿದಿರಲಿ. ಮೇಲೆ ಹೇಳಿದ ವೇಗದಲ್ಲಿ ಹೊರವೃತ್ತದವನು ಸುಮಾರು 9 ಡಿಗ್ರಿ ಒಳಕ್ಕೆ ವಾಲಿರುತ್ತಾನೆ, ಒಳವೃತ್ತದವನು 18 ಡಿಗ್ರಿ. ಒಣ ಸಿಮೆಂಟ್ ಇದನ್ನು ಸುಲಭವಾಗಿ ತಡೆಯುತ್ತದೆ. ಆದರೆ ವೇಗ ಎರಡು ಪಟ್ಟಾದರೆ ಟೈರು ನೆಲವನ್ನು ಹಿಡಿದುಕೊಳ್ಳಬೇಕಾದ ಬಲ ನಾಲ್ಕು ಪಟ್ಟಾಗುತ್ತದೆ. ಆದ್ದರಿಂದ ದ್ರುತ ನಡೆ ಬಂದಾಗ ಒಳವೃತ್ತದ ಸವಾರನು ವೇಗ ಹೆಚ್ಚಿಸಬಾರದು. ಅವನು ಒಂದೇ ಕಡೆ ನಿಂತು ಮುಂಚಕ್ರವನ್ನು ಎತ್ತಿ ಕುಪ್ಪಳಿಸುತ್ತ ಏಟುಗಳನ್ನು ಹಿಡಿಯಲಿ, ಹೊರಗಿನವರು ಮಾತ್ರ ಚುರುಕಾಗಲಿ.

ನೃತ್ಯವನ್ನು ಸೇರಿಸುವುದು

ನೃತ್ಯಗಾರರು ಸೈಕಲ್ಲುಗಳ ಮುಂದೆ ಅಲಂಕಾರಕ್ಕೆ ಕುಣಿಯುವವರಾದರೆ ಮತ್ತೆ ಹಳೆಯ ಸರ್ಕಸ್ಸಿನ ಕಡೆಗೇ ಹೋದಂತಾಗುತ್ತದೆ. ಅವರ ಚಲನೆ ಸೈಕಲ್ಲಿನ ಚಲನೆಯಿಂದಲೇ ಹುಟ್ಟಬೇಕು. ನಮ್ಮಲ್ಲಿ ಕಾಲು ಎಟುಕದ ಮಕ್ಕಳು ದೊಡ್ಡ ಸೈಕಲ್ಲಿನ ತ್ರಿಕೋನದೊಳಗೆ ಕಾಲು ತೂರಿಸಿ, ಸೊಂಟವನ್ನು ಒಂದು ಪಕ್ಕಕ್ಕೆ ಒಡ್ಡಿ, ಅರ್ಧರ್ಧ ಪೆಡಲು ತುಳಿಯುವ ಒಳಪೆಡಲು ಇದೆಯಲ್ಲ, ಅದರಲ್ಲಿ ಒಂದು ಪೂರ್ತಿ ನೃತ್ಯದ ಭಾಷೆಯೇ ಅಡಗಿದೆ: ಏರು, ಇಳಿ, ತಡೆ, ಮತ್ತೆ ಏರು. ಮೂವರು ನೃತ್ಯಗಾರರೂ ಸೈಕಲ್ಲಿಲ್ಲದೆ ಆ ನಡೆಯನ್ನು ಅಭ್ಯಾಸ ಮಾಡಿ, ಆಮೇಲೆ ಸೈಕಲ್ಲಿನ ಮೇಲೆ, ಕೊನೆಗೆ ಉರುಳುತ್ತಿರುವ ಸೈಕಲ್ಲಿನ ಪಕ್ಕದಲ್ಲಿ ಓಡುತ್ತ ಮಾಡಲಿ. ಪ್ರಯೋಗದ ಆರಂಭಕ್ಕೆ ಇದಕ್ಕಿಂತ ಸೊಗಸಾದ ದೃಶ್ಯ ನನಗೆ ಹೊಳೆದಿಲ್ಲ.

ಗುಂಪಿನ ವಿನ್ಯಾಸಕ್ಕೆ ಜಡೆ ಕೋಲಾಟವನ್ನು ನೋಡಿ. ಬಣ್ಣದ ಹಗ್ಗಗಳನ್ನು ಹೆಣೆಯುತ್ತ ಒಳಗೊಮ್ಮೆ ಹೊರಗೊಮ್ಮೆ ಹೋಗುವ ಅದರ ದಾರಿ ನಾಲ್ಕು ಸೈಕಲ್ಲುಗಳಿಗೆ ಹಾಗೆಯೇ ಹೊಂದುತ್ತದೆ. ಹಗ್ಗ ಮಾತ್ರ ಬೇಡ. ಮೊದಲು ಎಲ್ಲರೂ ನಡೆದು ಹೆಣೆಯಿರಿ, ಎರಡನೆಯ ದಿನ ಸೈಕಲ್ಲನ್ನು ತಳ್ಳಿಕೊಂಡು ಹೆಣೆಯಿರಿ, ಮೂರನೆಯ ದಿನ ಸವಾರಿ. ದಾರಿಗಳು ಕೂಡುವ ಪ್ರತಿ ಬಿಂದುವಿನಲ್ಲಿ ಯಾರು ಮೊದಲು ದಾಟಬೇಕೆಂದು ಏಟಿನ ಸಂಖ್ಯೆಯಿಂದ ಗೊತ್ತುಮಾಡಿ, ಅದನ್ನು ನೆಲದ ಮೇಲೆಯೇ ಬರೆಯಿರಿ. ಕಣ್ಣಿನ ಅಂದಾಜಿಗೆ ಬಿಟ್ಟರೆ ಒಂದಲ್ಲ ಒಂದು ದಿನ ಇಬ್ಬರೂ ಒಟ್ಟಿಗೆ ಬರುತ್ತಾರೆ. ಉಡುಪಿನ ವಿಷಯದಲ್ಲಿ ಹಟ ಬೇಡ: ಸೀರೆಯ ಸೆರಗು, ಅಗಲ ಪೈಜಾಮ, ಉದ್ದ ದುಪಟ್ಟಾ ಚಕ್ರದ ಹತ್ತಿರ ಬರಕೂಡದು. ಕಚ್ಚೆಯುಡುಗೆ ಚೆಂದವೂ ಹೌದು, ಕ್ಷೇಮವೂ ಹೌದು.

ಹತ್ತು ವಾರಗಳ ತಾಲೀಮು

ಮೊದಲ ಎರಡು ವಾರ ಸವಾರರ ಅಭ್ಯಾಸಕ್ಕೆ ವಾದ್ಯಗಾರರು ಬಂದು ಸುಮ್ಮನೆ ನೋಡಲಿ. ಒಂದೂ ಏಟು ಬೇಡ. ಯಾವ ಸಾಹಸ ಎಷ್ಟು ಉಸಿರು ಹಿಡಿಯುತ್ತದೆ, ಬೀಳುವ ಮುನ್ನ ಸವಾರನ ಮೊಣಕೈ ಹೇಗೆ ನಡುಗುತ್ತದೆ ಎಂಬುದು ಅವರ ಮನಸ್ಸಿಗೆ ಇಳಿಯಬೇಕು. ಮೂರು ಮತ್ತು ನಾಲ್ಕನೆಯ ವಾರ ವೃತ್ತ ಮತ್ತು ತಾಳ, ಐದು ಮತ್ತು ಆರರಲ್ಲಿ ನಿಧಾನದ ಸೈಕಲ್ಲುಗಳ ನಡುವೆ ನೃತ್ಯಗಾರರ ನಡಿಗೆ, ಏಳು ಮತ್ತು ಎಂಟರಲ್ಲಿ ಮೂರನ್ನೂ ಕೂಡಿಸುವುದು. ಒಂಬತ್ತನೆಯ ವಾರ ಪ್ರದರ್ಶನದ ಹೊತ್ತಿನಲ್ಲಿಯೇ, ಉಡುಪು ಮತ್ತು ದೀಪದೊಂದಿಗೆ. ಕೊನೆಯ ವಾರ ಎರಡೇ ಎರಡು ಬಾರಿ ಪೂರ್ತಿ ಓಟ, ಉಳಿದದ್ದು ವಿಶ್ರಾಂತಿ.

ಯಾವ ಸಾಹಸ ವೇದಿಕೆಗೆ ಬರಬೇಕೆಂಬುದಕ್ಕೆ ಒಂದೇ ಅಳತೆ ಇಟ್ಟುಕೊಳ್ಳಿ. ಸತತ ಮೂರು ದಿನ, ದಿನಕ್ಕೆ ಹತ್ತು ಪ್ರಯತ್ನಗಳಲ್ಲಿ ಒಂಬತ್ತು ಕೂಡಿಬಂದದ್ದು ಒಳಗೆ, ಉಳಿದದ್ದು ಮುಂದಿನ ವರ್ಷಕ್ಕೆ. ಈ ನಿಯಮದಿಂದ ಅತಿ ಬೆರಗಿನ ಸಾಹಸವೊಂದು ಹೊರಗುಳಿದು ಸವಾರನಿಗೆ ನೋವಾಗಬಹುದು, ಆದರೂ ಸಡಿಲಿಸಬೇಡಿ.

ತಮಟೆ ನುಡಿಯುವಾಗ ಕೂಗಿದ ಮಾತು ಕೇಳಿಸುವುದಿಲ್ಲವಾದ್ದರಿಂದ ಸನ್ನೆಗಳು ಬೇಕು. ಸವಾರ ಎಡಗೈ ಎತ್ತಿದರೆ ಇನ್ನೊಂದು ಆವರ್ತ, ತಲೆಯಾಡಿಸಿದರೆ ಮುಕ್ತಾಯ. ಯಾರಾದರೂ ಬಿದ್ದರೆ ಮೇಳ ನಿಲ್ಲಿಸದೆ ದನಿ ತಗ್ಗಿಸಲಿ, ಉಳಿದ ಸೈಕಲ್ಲುಗಳು ಹೊರವೃತ್ತಕ್ಕೆ ಹೋಗಲಿ. ತಾಲೀಮಿನ ಹೊಣೆ ಹೊತ್ತವರ ಕೊರಳಲ್ಲಿ ಒಂದು ಸೀಟಿ ಇರಬೇಕು, ಅದು ಊದಿದರೆ ಎಲ್ಲವೂ ಆ ಕ್ಷಣವೇ ನಿಲ್ಲಬೇಕು.

ಧ್ವನಿ

ತಮಟೆಗೆ ಮೈಕು ಬೇಡ, ಹಾಡುವವರಿಗೆ ಬೇಕು. ಸ್ಪೀಕರುಗಳನ್ನು ಅಂಕಣದ ದೂರದ ತುದಿಯಲ್ಲಿಟ್ಟು ಮೇಳವನ್ನು ಈ ತುದಿಯಲ್ಲಿ ನಿಲ್ಲಿಸುವ ತಪ್ಪನ್ನು ಬಯಲು ಕಾರ್ಯಕ್ರಮಗಳಲ್ಲಿ ಹೆಚ್ಚಾಗಿ ಮಾಡುತ್ತಾರೆ. ಶಬ್ದ ಸೆಕೆಂಡಿಗೆ ಸುಮಾರು 343 ಮೀಟರ್ ಹೋಗುತ್ತದೆ, ಆದ್ದರಿಂದ 34 ಮೀಟರ್ ದೂರದಿಂದ ಬರುವ ದನಿ ಸೆಕೆಂಡಿನ ಹತ್ತನೆಯ ಒಂದು ಭಾಗದಷ್ಟು ತಡವಾಗಿ ಸವಾರನನ್ನು ಮುಟ್ಟುತ್ತದೆ. ಎದುರಿನ ತಮಟೆ ಒಂದು ಹೇಳಿದರೆ ಸ್ಪೀಕರು ಇನ್ನೊಂದು ಹೇಳುತ್ತದೆ. ಮೇಳ ಮತ್ತು ಸ್ಪೀಕರ್ ಒಂದೇ ಪಕ್ಕದಲ್ಲಿ, ಅಂಕಣದ ಉದ್ದ ಬದಿಯ ನಡುವೆ ಇರಲಿ. ವೈರುಗಳು ಅಂಕಣವನ್ನು ಅಡ್ಡ ದಾಟಕೂಡದು, ರಬ್ಬರ್ ಚಾಪೆ ಮುಚ್ಚಿದರೂ ಅದು ಚಕ್ರಕ್ಕೆ ದಿಣ್ಣೆಯೇ.

ಸೈಕಲ್ಲನ್ನೇ ವಾದ್ಯವಾಗಿ ಬಳಸಲು ಅಂಜಬೇಡಿ. 1963ರಲ್ಲಿ ಅಮೆರಿಕದ ದೂರದರ್ಶನದಲ್ಲಿ ಮುಂದೆ ರಾಕ್ ಸಂಗೀತಗಾರರಾಗಿ ಹೆಸರಾದ, ಆಗಿನ್ನೂ ಯುವಕನಾಗಿದ್ದ ಫ್ರ್ಯಾಂಕ್ ಜಪ್ಪಾ ಸೈಕಲ್ಲಿನ ಕಡ್ಡಿಗಳನ್ನು ಮೀಟಿ, ಕಮಾನಿನಿಂದ ಉಜ್ಜಿ ನುಡಿಸಿ ತೋರಿಸಿದ್ದರು. ನಾಲ್ಕು ಸೈಕಲ್ಲಿಗೆ ನಾಲ್ಕು ಬೇರೆ ಶ್ರುತಿಯ ಬೆಲ್ಲುಗಳನ್ನು ಅಂಗಡಿಯಲ್ಲಿ ಕೂತು ಕೇಳಿ ಆರಿಸಿದರೆ ತತ್ವಪದದ ನಡುವೆ ಅವು ತಾಳದಂತೆ ಮಿಡಿಯುತ್ತವೆ. ಪೆಡಲು ನಿಲ್ಲಿಸಿ ಉರುಳುವಾಗ ಫ್ರೀವೀಲ್ ಮಾಡುವ ಟಿಕ್‌ಟಿಕ್ ಸದ್ದು ಮೌನದಲ್ಲಿ ಎಷ್ಟು ಚೆಂದವೆಂದರೆ, ಅದಕ್ಕಾಗಿ ಮೇಳವನ್ನು ಪೂರ್ತಿ ಒಂದು ಸುತ್ತು ನಿಲ್ಲಿಸುವುದು ತಕ್ಕದ್ದು.

ಸುರಕ್ಷತೆ ಮತ್ತು ಅನುಮತಿ

ಎಲ್ಲ ಸವಾರರೂ, ಕ್ಯಾರಿಯರಿನ ಮೇಲೆ ನಿಲ್ಲುವ ನೃತ್ಯಗಾರರೂ ಇಎನ್ 1078 ಗುರುತಿನ, ಅಂದರೆ ಸೈಕಲ್ ಹೆಲ್ಮೆಟ್ಟಿನ ಯೂರೋಪಿಯನ್ ಮಾನದಂಡಕ್ಕೆ ಒಪ್ಪುವ, ಹೆಲ್ಮೆಟ್ ಧರಿಸಬೇಕು, ಪ್ರದರ್ಶನದಲ್ಲಿಯೂ. ಒಮ್ಮೆ ಜೋರಾಗಿ ಪೆಟ್ಟು ತಿಂದ ಹೆಲ್ಮೆಟ್ ಮೇಲೆ ಬಿರುಕು ಕಾಣದಿದ್ದರೂ ಬದಲಾಗಬೇಕು. ಅಂಕಣದ ಅಂಚಿಗೂ ಮೊದಲ ಸಾಲಿನ ಪ್ರೇಕ್ಷಕರಿಗೂ ಕನಿಷ್ಠ 4 ಮೀಟರ್ ಅಂತರವಿರಲಿ. ಗಂಟೆಗೆ 11 ಕಿಲೋಮೀಟರ್ ವೇಗದಲ್ಲಿ ಬರುವವನು ಅಪಾಯ ಕಂಡು ಬ್ರೇಕ್ ಹಿಡಿಯುವಷ್ಟರಲ್ಲಿಯೇ ಎರಡು ಮೂರು ಮೀಟರ್ ಸಾಗಿರುತ್ತಾನೆ, ನಿಲ್ಲುವುದಕ್ಕೆ ಇನ್ನೊಂದು ಮೀಟರ್ ಬೇಕು. ಮಕ್ಕಳು ಹಗ್ಗದಡಿ ನುಸುಳುವುದು ಖಂಡಿತವಾದ್ದರಿಂದ ನಾಲ್ಕು ಮೂಲೆಗೂ ಒಬ್ಬೊಬ್ಬರನ್ನು ನಿಲ್ಲಿಸಿ. ಪ್ರೇಕ್ಷಕರಲ್ಲಿ ಒಬ್ಬರನ್ನು ಕರೆದು ನೆಲದ ಮೇಲೆ ಮಲಗಿಸಿ ಅವರ ಮೇಲಿಂದ ಜಿಗಿಯುವ ಸಾಹಸವನ್ನು ಎಷ್ಟೇ ಒತ್ತಾಯ ಬಂದರೂ ಮಾಡಕೂಡದು. ತಾಲೀಮನ್ನು ರಾಷ್ಟ್ರೀಯ ಹೆದ್ದಾರಿ 75ರ ಸರ್ವಿಸ್ ರಸ್ತೆಯಲ್ಲಾಗಲಿ ಬೇರೆ ಯಾವ ಸಾರ್ವಜನಿಕ ರಸ್ತೆಯಲ್ಲಾಗಲಿ ಮಾಡಬೇಡಿ.

ತಮಟೆಗೆ ಬೆಂಕಿ ಬೇಕು. ಚರ್ಮ ಬಿಗಿಯಾಗಿ ದನಿ ಏರಬೇಕಾದರೆ ಅದನ್ನು ಉರಿಗೆ ಹಿಡಿದು ಕಾಯಿಸಬೇಕು. ಈ ಉರಿಯ ಜಾಗ ಅಂಕಣ ಮತ್ತು ಪೆಂಡಾಲಿನಿಂದ ಹತ್ತು ಮೀಟರಾದರೂ ದೂರ, ಗಾಳಿಗೆ ಕೆಳಬದಿಯಲ್ಲಿ ಇರಲಿ. ಪಕ್ಕದಲ್ಲಿ ಒಂದು ಬಕೆಟ್ ಮರಳು, ಎರಡು ಬಕೆಟ್ ನೀರು. ತಂಪು ರಾತ್ರಿಗಳಲ್ಲಿ ಚರ್ಮ ಬೇಗ ಸಡಿಲುವುದರಿಂದ ಎರಡನೆಯ ಜೊತೆ ತಮಟೆಗಳನ್ನು ಕಾಯಿಸಿಟ್ಟು ನಡುಭಾಗದಲ್ಲಿ ಬದಲಿಸಿಕೊಳ್ಳಬೇಕು. ಪ್ಲಾಸ್ಟಿಕ್ ಹೊದಿಕೆಯ ತಮಟೆಗಳಿಗೆ ಈ ಕಷ್ಟವಿಲ್ಲ, ಆದರೆ ಚರ್ಮದ ಆ ಆಳವಾದ ದನಿಯೂ ಅವುಗಳಲ್ಲಿಲ್ಲ.

ಬಯಲಿನಲ್ಲಿ ಮಾಡುವುದಾದರೆ ಪೊಲೀಸ್ ಠಾಣೆ, ನಗರಸಭೆ ಮತ್ತು ಜಾಗದ ಒಡೆತನ ಇರುವವರಿಂದ ಲಿಖಿತ ಅನುಮತಿ ಪಡೆಯಿರಿ. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಧ್ವನಿವರ್ಧಕಕ್ಕೆ ನಿಷೇಧವಿದೆ. ಆಸ್ಪತ್ರೆ, ಶಾಲೆ, ನ್ಯಾಯಾಲಯಗಳ ಸುತ್ತ 100 ಮೀಟರ್ ವಲಯವನ್ನು ಮೌನ ವಲಯವೆಂದು ಪರಿಗಣಿಸಲಾಗುತ್ತದೆ. ಸಿನಿಮಾ ಹಾಡಿನ ಧಾಟಿಯನ್ನು ಸೇರಿಸಿದರೆ ಹಕ್ಕುಸ್ವಾಮ್ಯದ ಪರವಾನಗಿಯೂ ಬೇಕಾಗುತ್ತದೆ. ಹದಿನೆಂಟು ತುಂಬದವರಿದ್ದರೆ ತಂದೆತಾಯಿಯ ಸಹಿ ಇರುವ ಪತ್ರ ಕಡ್ಡಾಯವೆಂದು ನೀವೇ ನಿಯಮ ಮಾಡಿಕೊಳ್ಳಿ. ಪ್ರಥಮ ಚಿಕಿತ್ಸೆ ಬಲ್ಲವರೊಬ್ಬರು ಸ್ಥಳದಲ್ಲಿರಲಿ, 108ಕ್ಕೆ ಕರೆ ಮಾಡುವ ಹೊಣೆ ಯಾರದೆಂದು ಮೊದಲೇ ಗೊತ್ತಿರಲಿ, ಎಸ್‌ಎನ್‌ಆರ್ ಜಿಲ್ಲಾ ಆಸ್ಪತ್ರೆಗೆ ಹೋಗುವ ದಾರಿಯಲ್ಲಿ ಪ್ರೇಕ್ಷಕರ ವಾಹನಗಳು ನಿಲ್ಲದಿರಲಿ.

ಪ್ರದರ್ಶನದ ದಿನ

ಕೋಲಾರದಲ್ಲಿ ಮಳೆ ಹೆಚ್ಚು ಸುರಿಯುವುದು ಸೆಪ್ಟೆಂಬರ್ ಮತ್ತು ಅಕ್ಟೋಬರಿನಲ್ಲಿ, ಆ ತಿಂಗಳುಗಳನ್ನು ಬಿಟ್ಟುಬಿಡಿ. ಜನವರಿಯಿಂದ ಮಾರ್ಚ್‌ವರೆಗೆ ಆಕಾಶ ನಂಬಿಕೆಗೆ ಅರ್ಹ. ಆದರೆ ಚಳಿಗಾಲದ ಸಂಜೆಗೆ ಬೇರೆಯ ಅಪಾಯವೊಂದಿದೆ, ಇಬ್ಬನಿ. ಒಂದು ವರ್ಷ ಸಂಕ್ರಾಂತಿಯ ಮುಂಚಿನ ವಾರ ಭಾಷಣಗಳು ಉದ್ದವಾಗಿ, ಏಳಕ್ಕೆ ಆರಂಭವಾಗಬೇಕಿದ್ದ ನಮ್ಮ ಪ್ರಯೋಗ ಒಂಬತ್ತಕ್ಕೆ ಬಂತು. ಅಷ್ಟರಲ್ಲಿ ಸಿಮೆಂಟಿನ ಮೇಲೆ ಕಣ್ಣಿಗೆ ಕಾಣದ ತೇವ ಕೂತಿತ್ತು, ಮೊದಲ ವೃತ್ತದಲ್ಲಿಯೇ ಸವಾರನೊಬ್ಬ ಜಾರಿ ಮಣಿಕಟ್ಟು ಮುರಿದುಕೊಂಡ. ಅಂದಿನಿಂದ ಸಂಘಟಕರಿಗೆ ಕೊಡುವ ಒಪ್ಪಂದದಲ್ಲಿ ಒಂದು ಸಾಲು ಸೇರಿಸಿದ್ದೇವೆ: ಪ್ರಯೋಗ ಮೊದಲು, ಭಾಷಣ ಆಮೇಲೆ, ಅಂಗೈಯನ್ನು ನೆಲಕ್ಕೆ ಒತ್ತಿದಾಗ ತಣ್ಣಗೆ ಒದ್ದೆ ತಗಲಿದರೆ ಸೈಕಲ್ ಏರುವುದಿಲ್ಲ, ಮೇಳ ಮತ್ತು ನೃತ್ಯ ಮಾತ್ರ ನಡೆಯುತ್ತದೆ. ಈ ಸೈಕಲ್ಲಿಲ್ಲದ ರೂಪವನ್ನೂ ಒಂಬತ್ತನೆಯ ವಾರ ಒಮ್ಮೆ ಅಭ್ಯಾಸ ಮಾಡಿಟ್ಟಿರಬೇಕು.

ಆರಂಭಕ್ಕೆ ಎರಡು ಗಂಟೆ ಮೊದಲು ನೆಲ ಗುಡಿಸಿ, ವೃತ್ತಗಳನ್ನು ಮತ್ತೆ ಎಳೆದು, ದೀಪಗಳನ್ನು ಸವಾರರ ಕಣ್ಣಿಗೆ ನೇರ ಬೀಳದಂತೆ ಎತ್ತರದಿಂದ ಓರೆಯಾಗಿ ತಿರುಗಿಸಿ. ಒಂದು ಗಂಟೆ ಮೊದಲು ಗಾಳಿ, ಬ್ರೇಕು, ಸರಪಳಿ, ಪೆಗ್ಗುಗಳ ನಟ್ಟು. ಇದನ್ನು ಆ ಸೈಕಲ್ ಓಡಿಸುವವನಲ್ಲದೆ ಇನ್ನೊಬ್ಬ ಸವಾರ ನೋಡಬೇಕು. ಅರ್ಧ ಗಂಟೆ ಮೊದಲು ತಮಟೆ ಕಾಯಿಸುವುದು. ಹೊಟ್ಟೆ ತುಂಬ ಊಟ ಯಾರಿಗೂ ಬೇಡ, ಬಾಳೆಹಣ್ಣು ಮತ್ತು ಮಜ್ಜಿಗೆ ಸಾಕು. ಪ್ರಯೋಗ ಮುಗಿದ ಮೇಲೆ ಮುದ್ದೆ ಸಾರು ಎಲ್ಲರಿಗೂ ಒಂದೇ ಪಂಕ್ತಿಯಲ್ಲಿ ಬಡಿಸಿ, ಸಂಭಾವನೆಯನ್ನು ಅಲ್ಲಿಯೇ ಅಂದೇ ಕೈಗೆ ಕೊಟ್ಟು, ಮಾರನೆಯ ಬೆಳಿಗ್ಗೆ ಸೈಕಲ್ಲುಗಳನ್ನು ಪಂಕ್ಚರ್ ಅಂಗಡಿಗೆ ಒಯ್ದು ಕಡ್ಡಿಗಳನ್ನು ಮತ್ತೊಮ್ಮೆ ಮೀಟಿಸಿ ನೋಡಿ.